ಕ್ಲೈಂಬಿಂಗ್ ಜಿಮ್‌ಗೆ ಜಾಗ ನೋಡುವುದು: ಎತ್ತರ, ಗಾಳಿ, ಸಂಜೆಯ ಇಪ್ಪತ್ತೈದು ನಿಮಿಷ

ಎಲ್ಲರಿಗೂ ನಮಸ್ಕಾರ.

ಒಳಾಂಗಣ ಕ್ಲೈಂಬಿಂಗ್ ಜಿಮ್ ತೆರೆಯಬೇಕು ಎಂದುಕೊಂಡವರು ಮೊದಲು ಕೇಳುವುದು ಗೋಡೆಗೆ ಎಷ್ಟು ಖರ್ಚು, ಗೋಡೆಯ ಮೇಲೆ ಕೈಕಾಲು ಊರುವ ಹೋಲ್ಡ್‌ಗಳನ್ನು ಎಲ್ಲಿಂದ ತರಿಸಬೇಕು, ಮ್ಯಾಟ್ ಇಲ್ಲೇ ಹೊಲಿಸಬಹುದೇ ಎಂದು. ಜಾಗದ ಮಾತು ಕೊನೆಗೆ ಬರುತ್ತದೆ. ಅದೂ ಒಂದೇ ಪ್ರಶ್ನೆಯಾಗಿ: ಚದರಡಿಗೆ ಬಾಡಿಗೆ ಎಷ್ಟು? ಇವತ್ತು ಈ ಕ್ರಮವನ್ನು ತಿರುಗಿಸಿ ನೋಡೋಣ. ಗೋಡೆಯ ಕೋನ ಸರಿಬರಲಿಲ್ಲ ಎಂದರೆ ಪ್ಲೈವುಡ್ ಬಿಚ್ಚಿ ಮತ್ತೆ ಕಟ್ಟಬಹುದು. ಹೋಲ್ಡ್‌ಗಳು ಹೇಗೂ ಕೆಲವು ವಾರಗಳಿಗೊಮ್ಮೆ ಬದಲಾಗುತ್ತವೆ. ಶುಲ್ಕ ಏರಿಸಬಹುದು, ಇಳಿಸಬಹುದು. ಆದರೆ ಚಾವಣಿಯ ಎತ್ತರ, ಕಂಬಗಳ ನಡುವಿನ ಅಂತರ, ಸಂಜೆ ಆರೂವರೆಗೆ ಆ ರಸ್ತೆಯಲ್ಲಿ ನಿಲ್ಲುವ ಟ್ರಾಫಿಕ್, ಈ ಮೂರೂ ನಿಮ್ಮ ಕೈಯಲ್ಲಿಲ್ಲ. ಕರಾರಿಗೆ ಸಹಿ ಹಾಕಿದ ದಿನವೇ ಅವು ಐದೋ ಒಂಬತ್ತೋ ವರ್ಷಕ್ಕೆ ತೀರ್ಮಾನವಾಗಿಬಿಡುತ್ತವೆ.

ಮಾತೆಲ್ಲ ಬೆಂಗಳೂರನ್ನು ಇಟ್ಟುಕೊಂಡೇ ಆಡುತ್ತೇನೆ. ಈ ಊರಿನ ಸುತ್ತ ಬಂಡೆಗೆ ಬರವಿಲ್ಲ. ತುರಹಳ್ಳಿ, ರಾಮನಗರ, ಸಾವನದುರ್ಗ ಒಂದು ಬೆಳಗಿನ ಹಾದಿ. ಹಂಪಿಯ ಗ್ರಾನೈಟ್, ಬಾದಾಮಿಯ ಮರಳುಗಲ್ಲು ಒಂದು ರಾತ್ರಿಯ ಬಸ್ಸು. ಬಂಡೆ ಹತ್ತುವ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಆಮೇಲೆ ಬಿಸಿಲು, ಅದರ ಬೆನ್ನಿಗೆ ಮಳೆ. ಒಳಾಂಗಣ ಗೋಡೆಗೆ ಜನ ಬರಲು ಈ ಲೆಕ್ಕ ಒಂದು ಕಾರಣ. ಟೋಕಿಯೊ ಒಲಿಂಪಿಕ್ಸ್‌ನಿಂದ ಈಚೆಗೆ ಈ ಆಟವನ್ನು ಟಿವಿಯಲ್ಲಿ ನೋಡಿ, ಬಂಡೆಯನ್ನೇ ಮುಟ್ಟದೆ ನೇರ ಜಿಮ್‌ಗೆ ಬರುವವರು ಇನ್ನೊಂದು ಕಾರಣ. ನಿಮ್ಮ ಬಾಡಿಗೆ ಕಟ್ಟುವವರು ಹೆಚ್ಚಾಗಿ ಈ ಎರಡನೆಯ ಗುಂಪಿನವರು. ಅವರು ಆಫೀಸು ಮುಗಿಸಿ ಬರುವವರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಎತ್ತರ ಮೊದಲು

ಜಾಗ ಹುಡುಕುವ ಮುನ್ನ ಯಾವ ಬಗೆಯ ಜಿಮ್ ಎಂದು ತೀರ್ಮಾನಿಸಬೇಕು, ಏಕೆಂದರೆ ಎತ್ತರ ಅದರ ಮೇಲೆ ನಿಂತಿದೆ. ಹಗ್ಗವಿಲ್ಲದೆ ಮ್ಯಾಟಿನ ಮೇಲೆ ಹತ್ತುವ ಬೋಲ್ಡರಿಂಗ್ ಒಂದು. ಮೇಲಿಂದ ಇಳಿಬಿಟ್ಟ ಹಗ್ಗ ಕಟ್ಟಿ ಹತ್ತುವ ಟಾಪ್ ರೋಪ್, ಹಗ್ಗವನ್ನು ಜೊತೆಗೆ ಒಯ್ದು ದಾರಿಯಲ್ಲಿ ಸಿಕ್ಕಿಸುತ್ತ ಹತ್ತುವ ಲೀಡ್ ಇನ್ನೊಂದು.

ಬೋಲ್ಡರಿಂಗ್ ಗೋಡೆ ಮ್ಯಾಟಿನ ಮೇಲ್ಮೈಯಿಂದ 4 ಮೀಟರ್ ಇದ್ದರೆ ಸಾಕು, 4.5ಕ್ಕಿಂತ ಎತ್ತರ ಯಾವ ಕಾರಣಕ್ಕೂ ಬೇಡ. ಅದಕ್ಕೂ ಮೇಲಿಂದ ಬಿದ್ದರೆ ಮ್ಯಾಟ್ ಎಷ್ಟೇ ಒಳ್ಳೆಯದಿದ್ದರೂ ಕಣಕಾಲು, ಮಂಡಿ, ಮೊಣಕೈಗಳಿಗೆ ಪೆಟ್ಟು ಹೆಚ್ಚು. ಮ್ಯಾಟಿನ ದಪ್ಪ 30ರಿಂದ 40 ಸೆಂಟಿಮೀಟರ್. ಗೋಡೆಯ ಮೇಲೆ ದೀಪ, ಡಕ್ಟ್, ಪೈಪುಗಳಿಗೆ ಇನ್ನೊಂದು 40 ಸೆಂಟಿಮೀಟರ್ ಬಿಡಿ. ಒಟ್ಟು ನೆಲದಿಂದ 4.8ರಿಂದ 5 ಮೀಟರ್, ಅಂದರೆ 16 ಅಡಿಯಷ್ಟು ಅಡ್ಡಿಯಿಲ್ಲದ ಎತ್ತರ ಬೇಕು. ಗೋಡೆಯ ತುದಿ ಹತ್ತಿ ಮೇಲೆ ಎದ್ದು ನಿಲ್ಲುವ ಟಾಪ್-ಔಟ್ ಬೇಕೆಂದರೆ ಅಲ್ಲಿ ನಿಂತವರ ತಲೆಗೆ ಏನೂ ತಾಗಬಾರದು. ಆಗ 6.5 ಮೀಟರ್, 21 ಅಡಿಗಿಂತ ತುಸು ಹೆಚ್ಚು.

ಹಗ್ಗದ ಗೋಡೆಗೆ ಲೆಕ್ಕವೇ ಬೇರೆ. ಸ್ಪರ್ಧೆಯ ಲೀಡ್ ಗೋಡೆ ಕನಿಷ್ಠ 12 ಮೀಟರ್ ಎತ್ತರ ಇರಬೇಕು, ಸ್ಪೀಡ್ ಗೋಡೆ 15 ಮೀಟರ್. ಅಂಥ ಎತ್ತರದ ಮುಚ್ಚಿದ ಕಟ್ಟಡ ಬಾಡಿಗೆಗೆ ಸಿಗುವುದು ತೀರಾ ಅಪರೂಪ. ಕಂಠೀರವ ಕ್ರೀಡಾಂಗಣದ ಗೋಡೆ ಬಯಲಲ್ಲಿ ನಿಂತಿರುವುದನ್ನು ನೀವು ನೋಡಿದ್ದೀರಿ. 9 ಮೀಟರ್ ಶೆಡ್ಡಿನಲ್ಲಿ ಹಗ್ಗವನ್ನು ತಾನೇ ಬಿಗಿಹಿಡಿಯುವ ಆಟೋ ಬಿಲೇ ಯಂತ್ರ ಹಾಕಿ ಮಕ್ಕಳಿಗೂ ಹೊಸಬರಿಗೂ ಹಗ್ಗದ ಮೂಲೆ ಮಾಡಬಹುದು, ಅದು ಒಳ್ಳೆಯ ಆದಾಯವೂ ಹೌದು. ಆದರೆ ಮೊದಲ ಜಿಮ್ ಕಟ್ಟುವವರಿಗೆ ನಮ್ಮ ಸಲಹೆ ಬೋಲ್ಡರಿಂಗ್. 5 ಮೀಟರ್ ಎತ್ತರದ ಜಾಗ ಹತ್ತು ಸಿಗುವಲ್ಲಿ 13 ಮೀಟರಿನದು ಒಂದೂ ಸಿಗುವುದಿಲ್ಲ. ಎತ್ತರಕ್ಕೆ ಆಸೆಪಟ್ಟವರು ಊರಾಚೆಗೆ ಹೋಗಬೇಕಾಗುತ್ತದೆ.

ಅಳತೆ ತಪ್ಪುವುದು ಇಲ್ಲೇ. ಬ್ರೋಕರ್ "ಇಪ್ಪತ್ತು ಅಡಿ ಇದೆ ಸರ್" ಎನ್ನುವುದು ಚಾವಣಿಯ ನೆತ್ತಿಯ ಎತ್ತರ. ಸೂರಿನ ಹತ್ತಿರ ಅದೇ ಶೆಡ್ 15 ಅಡಿಗೆ ಇಳಿದಿರುತ್ತದೆ. ಗೋಡೆ ಕಟ್ಟುವುದು ಹೆಚ್ಚಾಗಿ ಸೂರಿನ ಬದಿಗೇ, ಏಕೆಂದರೆ ಜಾಗದ ಅಂಚು ಅಲ್ಲಿರುತ್ತದೆ. ಆದ್ದರಿಂದ ಲೇಸರ್ ಅಳತೆ ಯಂತ್ರ ಹಿಡಿದು ಪ್ರತಿ ಅಂಕಣದಲ್ಲೂ (ಎರಡು ಕಂಬಸಾಲುಗಳ ನಡುವಿನ ಭಾಗದಲ್ಲೂ) ನಾಲ್ಕು ಕಡೆ ಅಳೆಯಿರಿ: ಸೂರಿನಲ್ಲಿ, ನೆತ್ತಿಯಲ್ಲಿ, ಚಾವಣಿ ಹೊತ್ತ ಉಕ್ಕಿನ ಚೌಕಟ್ಟಾದ ಟ್ರಸ್ಸಿನ ಕೆಳಗಿನ ಸರಳಿಗೆ, ತೊಲೆಯ ಅಡಿಗೆ. ಸ್ಪ್ರಿಂಕ್ಲರ್ ಪೈಪು, ಹಳೆಯ ಕ್ರೇನಿನ ಗರ್ಡರ್ ಇದ್ದರೆ ಅದರ ಅಡಿಯಿಂದ. ಇಷ್ಟರಲ್ಲಿ ಅತಿ ಕಡಿಮೆ ಬಂದ ಸಂಖ್ಯೆಯೇ ಆ ಅಂಕಣದ ಎತ್ತರ.

ಕಮರ್ಷಿಯಲ್ ಕಟ್ಟಡಗಳ ಮಹಡಿ ನೋಡಿ ಸಮಯ ಕಳೆಯಬೇಡಿ. ಅಲ್ಲಿ ಸ್ಲ್ಯಾಬಿನಿಂದ ಸ್ಲ್ಯಾಬಿಗೆ ಸಾಮಾನ್ಯವಾಗಿ 3.6ರಿಂದ 4.2 ಮೀಟರ್. ಅದರಲ್ಲಿ ತೊಲೆಯ 60 ಸೆಂಟಿಮೀಟರ್ ಕಳೆಯಿರಿ, ಮ್ಯಾಟಿನ 35 ಕಳೆಯಿರಿ. ಉಳಿಯುವುದರಲ್ಲಿ ತರಬೇತಿ ಬೋರ್ಡ್ ಒಂದನ್ನು ನಿಲ್ಲಿಸಬಹುದಷ್ಟೆ. ಎರಡು ಮಹಡಿ ಎತ್ತರದ ಶೋರೂಮ್, ಹಳೆಯ ಕಲ್ಯಾಣ ಮಂಟಪದ ಊಟದ ಹಾಲ್, ಬಾಗಿಲು ಹಾಕಿದ ಸಿನಿಮಾ ಮಂದಿರ, ಗಾರ್ಮೆಂಟ್ಸ್ ಶೆಡ್, ಗೋಡೌನ್, ಬ್ಯಾಡ್ಮಿಂಟನ್ ಅಂಗಣಕ್ಕೆಂದೇ ಎಬ್ಬಿಸಿದ ಶೆಡ್ ಇವೇ ನಮ್ಮ ಬೇಟೆಯ ಜಾಗಗಳು. ಕೊನೆಯದಕ್ಕೆ ಒಂದು ಅನುಕೂಲವಿದೆ. ಎತ್ತರ, ಕಂಬವಿಲ್ಲದ ಹರವು, ಶೌಚಾಲಯ, ಪಾರ್ಕಿಂಗ್ ಎಲ್ಲವೂ ಆಟದ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಆಗಿರುತ್ತವೆ. ಸಿನಿಮಾ ಮಂದಿರದ ನೆಲ ಇಳಿಜಾರು. ಅದನ್ನು ಮಟ್ಟ ಮಾಡುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಂಬ, ನೆಲ, ಭಾರ

ಎತ್ತರ ಸರಿ ಇದ್ದ ಮೇಲೆ ಕಂಬಗಳನ್ನು ನೋಡಿ. 4 ಮೀಟರ್ ಗೋಡೆ 20 ಡಿಗ್ರಿ ಮುಂದಕ್ಕೆ ಬಾಗಿದ್ದರೆ ಅದರ ತುದಿ ಬುಡದಿಂದ ಸುಮಾರು ಒಂದೂವರೆ ಮೀಟರ್ ಹೊರಗೆ ಬರುತ್ತದೆ. 30 ಡಿಗ್ರಿಗೆ 2.3 ಮೀಟರ್, 45 ಡಿಗ್ರಿಗೆ ಪೂರಾ 4 ಮೀಟರ್. ಆ ತುದಿಯಿಂದಾಚೆ ಬೀಳುವವರಿಗಾಗಿ ಇನ್ನೂ ಎರಡೂವರೆ ಮೀಟರ್ ಮ್ಯಾಟ್ ಇರಬೇಕು. ಅದರಾಚೆ ಕೂರಲು, ಓಡಾಡಲು ಎರಡು ಮೀಟರ್. ಅಂದರೆ 20 ಡಿಗ್ರಿಯ ಎರಡು ಗೋಡೆಗಳು ಎದುರುಬದುರು ನಿಂತು ನಡುವೆ ಒಂದು ಓಣಿ ಇರಬೇಕಾದರೆ 4, 4 ಮತ್ತು 2 ಸೇರಿ 10 ಮೀಟರ್ ಅಗಲ ಬೇಕು, ಆ ಅಗಲದಲ್ಲಿ ಕಂಬ ಇರಕೂಡದು. ಆರ್‌ಸಿಸಿ ಕಟ್ಟಡಗಳಲ್ಲಿ ಕಂಬಗಳ ಅಂತರ 6ರಿಂದ 8 ಮೀಟರ್. ಅಲ್ಲಿ ಯಾವುದೋ ಒಂದು ಕಂಬ ಮ್ಯಾಟಿನ ನಡುವೆ ಬಂದೇ ಬರುತ್ತದೆ. ಕಂಬಕ್ಕೆ ಫೋಮ್ ಸುತ್ತಿದರಾಯಿತು ಎನ್ನುವವರಿದ್ದಾರೆ. ಬೀಳುವ ಮನುಷ್ಯನ ದಾರಿಯಲ್ಲಿ ಕಂಬ ಇರಲೇಬಾರದು, ಫೋಮ್ ಅದಕ್ಕೆ ಪರಿಹಾರವಲ್ಲ. ಕಂಬವನ್ನು ಗೋಡೆಯ ಹೊಟ್ಟೆಯೊಳಗೆ ಸೇರಿಸಿಕೊಳ್ಳುವಂತೆ ನಕ್ಷೆ ಹಾಕಲು ಬಂದರೆ ಜಾಗ ಇಟ್ಟುಕೊಳ್ಳಿ, ಬಾರದಿದ್ದರೆ ಬಿಡಿ. ಕಾರ್ಖಾನೆಯಲ್ಲಿ ಮಾಡಿದ ಉಕ್ಕಿನ ಭಾಗಗಳನ್ನು ಜೋಡಿಸಿ ನಿಲ್ಲಿಸುವ ಪಿಇಬಿ ಶೆಡ್ಡುಗಳಿಗೆ ಬೆಲೆ ಇರುವುದು ಇದಕ್ಕೇ: 15, 20 ಮೀಟರ್ ಹರವಿನಲ್ಲಿ ಒಂದೂ ಕಂಬ ಇರುವುದಿಲ್ಲ.

ಆದರೆ ಆ ಶೆಡ್ಡಿನ ಚಾವಣಿ ನಿಮ್ಮ ಗೋಡೆಯನ್ನು ಹೊರುವುದಿಲ್ಲ. ಜನ ಹತ್ತದ ಶೀಟ್ ಚಾವಣಿಗೆ ಐಎಸ್ 875 ಎಂಬ ಭಾರತೀಯ ಮಾನದಂಡದ ಪ್ರಕಾರ ಹಿಡಿಯುವ ಭಾರ ಚದರ ಮೀಟರಿಗೆ 75 ಕಿಲೋ ಮಾತ್ರ. ಶೀಟುಗಳನ್ನು ಹೊರುವ ಅಡ್ಡಪಟ್ಟಿಗಳಾದ ಪರ್ಲಿನ್‌ಗೆ ಗೋಡೆ ನೇತುಹಾಕುವುದು, ಟ್ರಸ್ಸಿಗೆ ಹಗ್ಗದ ಆಂಕರ್ ಬಿಗಿಯುವುದು ಅಪಾಯ. ಗೋಡೆಯ ಉಕ್ಕಿನ ಚೌಕಟ್ಟು ತನ್ನ ಕಾಲಮೇಲೆ ತಾನೇ ನಿಲ್ಲಬೇಕು, ಭಾರ ನೆಲಕ್ಕೆ ಇಳಿಯಬೇಕು. ಹಾಗಾಗಿ ನೆಲವನ್ನು ಪರೀಕ್ಷಿಸಿ. 150 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಇದ್ದರೆ ಆಂಕರ್ ಬೋಲ್ಟ್ ಹಿಡಿಯುತ್ತದೆ. ಹಳೆಯ ಗೋಡೌನುಗಳಲ್ಲಿ 75 ಮಿಲಿಮೀಟರ್ ಹಾಕಿ, ಅದರ ಮೇಲೆ ಚಪ್ಪಡಿ ಹಾಸಿದ್ದೂ ಉಂಟು. ಮಾಲೀಕರ ಒಪ್ಪಿಗೆ ಪಡೆದು ಎರಡು ಮೂರು ಕಡೆ ಡ್ರಿಲ್ ಇಳಿಸಿ ದಪ್ಪ ನೋಡಿ. ದಪ್ಪ ಸಾಲದಿದ್ದರೆ ಚೌಕಟ್ಟಿನ ಕಾಲು ಬರುವ ಕಡೆ ಮಾತ್ರ ಅಗೆದು ಕಾಂಕ್ರೀಟಿನ ಪಾದ ಹಾಕಬೇಕು, ಅದಕ್ಕೂ ಅವರ ಲಿಖಿತ ಅನುಮತಿ ಬೇಕು.

ರಸಮಟ್ಟವನ್ನೂ ಒಯ್ಯಿರಿ. ಕಾರ್ಖಾನೆಯ ನೆಲಕ್ಕೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಒಂದು ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಆದರೆ 10 ಮೀಟರಿಗೆ 10 ಸೆಂಟಿಮೀಟರ್ ಆಯಿತು. ಅದರ ಮೇಲೆ ಹಾಸಿದ ಮ್ಯಾಟುಗಳು ತಿಂಗಳುಗಟ್ಟಲೆ ಜನ ಬಿದ್ದೂ ಬಿದ್ದೂ ಇಳಿಜಾರಿನತ್ತ ಸರಿಯುತ್ತವೆ. ಗೋಡೆಯ ಬುಡದಲ್ಲಿ ಸಂದು ಬಿಡುತ್ತದೆ, ಪಾದ ಸಿಕ್ಕಿಕೊಳ್ಳುವುದು ಆ ಸಂದಿನಲ್ಲಿ.

ಮೇಲಿನ ಮಹಡಿ ಬೇಡವೇ ಬೇಡ. ಆಫೀಸಿಗೆಂದು ಕಟ್ಟಿದ ಮಹಡಿಯನ್ನು ಚದರ ಮೀಟರಿಗೆ 250ರಿಂದ 400 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಜನ ಗುಂಪಾಗಿ ಓಡಾಡುವ ಜಾಗಕ್ಕೆ 500 ಬೇಕು. ಭಾರದ ಲೆಕ್ಕ ಹೇಗೋ ಸರಿ ಹೋಯಿತು ಅನ್ನಿ, ನಿಮಿಷಕ್ಕೆ ಹತ್ತು ಸಲ 70 ಕಿಲೋದ ಮನುಷ್ಯ 3 ಮೀಟರಿನಿಂದ ಮ್ಯಾಟಿಗೆ ಬೀಳುವ ಸದ್ದು ಕೆಳಗಿನವರ ತಲೆಯ ಮೇಲೆ ಬೀಳುತ್ತಿರುತ್ತದೆ. ಕೆಳಗೆ ಕ್ಲಿನಿಕ್ ಇದ್ದರೆ ಮೂರೇ ತಿಂಗಳಲ್ಲಿ ಮಾಲೀಕರಿಗೆ ದೂರು ಹೋಗುತ್ತದೆ. ನೆಲಮಾಳಿಗೆಯೂ ಬೇಡ. ಬೆಂಗಳೂರಿನಲ್ಲಿ ಅದು ಬಹುತೇಕ ಪಾರ್ಕಿಂಗ್‌ಗೆಂದು ಮಂಜೂರಾದದ್ದು, ಮಳೆಗೆ ತುಂಬುವುದೂ ಅದೇ.

ಬಿಸಿ, ತೇವ, ಚಾಕ್

ಶೀಟ್ ಚಾವಣಿಯ ಶೆಡ್ಡನ್ನು ಬೆಳಿಗ್ಗೆ ಹತ್ತಕ್ಕೆ ನೋಡಿ ಒಪ್ಪಿಕೊಂಡವರು ಏಪ್ರಿಲ್‌ನಲ್ಲಿ ಕಷ್ಟಕ್ಕೆ ಬೀಳುತ್ತಾರೆ. ಕ್ಲೈಂಬಿಂಗ್ ನಿಂತಿರುವುದು ಬೆರಳಿನ ಚರ್ಮ ಮತ್ತು ಶೂಗಳ ರಬ್ಬರ್ ಮೇಲೆ. ಬಿಸಿಗೆ ಕೈ ಬೆವರುತ್ತದೆ, ರಬ್ಬರ್ ಮೆತ್ತಗಾಗುತ್ತದೆ, ಹಿಡಿತ ಜಾರುತ್ತದೆ. 20 ಡಿಗ್ರಿ ಆಸುಪಾಸು ಇದ್ದರೆ ಸುಖ, 26 ದಾಟಿದರೆ ಹಳೆಯ ಸದಸ್ಯರು ಗೊಣಗುತ್ತಾರೆ, 30 ದಾಟಿದರೆ ಬರುವುದೇ ಇಲ್ಲ. ಶೆಡ್ಡನ್ನು ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ, ಸಾಧ್ಯವಾದರೆ ಏಪ್ರಿಲ್‌ನಲ್ಲಿ. ಉದ್ದನೆಯ ಗೋಡೆ ಪಡುವಣಕ್ಕೆ ಮುಖ ಮಾಡಿದ್ದರೆ ಅದು ನಿಮ್ಮ ಜನ ಬರುವ ಸಂಜೆಯ ಹೊತ್ತಿಗೇ ಕಾದು ನಿಂತಿರುತ್ತದೆ. ಚಾವಣಿಗೆ ಬಿಸಿ ತಡೆಯುವ ಫೋಮ್ ತುಂಬಿದ 50 ಮಿಲಿಮೀಟರ್ ಪಫ್ ಪ್ಯಾನೆಲ್ ಇದೆಯೇ, ಬರೀ ಶೀಟೇ? ಬರೀ ಶೀಟಾದರೆ ನಿರೋಧಕ ಹಾಕಿಸುವ ಖರ್ಚು ಯಾರದ್ದೆಂದು ಬಾಡಿಗೆ ಮಾತಾಡುವಾಗಲೇ ಇತ್ಯರ್ಥವಾಗಲಿ.

ಇನ್ನು ಚಾಕ್. ಅದು ಬೆವರು ಹೀರಲೆಂದು ಹತ್ತುವವರು ಕೈಗೆ ಹಚ್ಚಿಕೊಳ್ಳುವ ಮೆಗ್ನೀಷಿಯಮ್ ಕಾರ್ಬೊನೇಟ್ ಪುಡಿ. ಜಿಮ್ ತುಂಬಿದ ಸಂಜೆ ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ, ಎಸಿಯ ಫಿಲ್ಟರ್ ಮತ್ತು ಕಾಯಿಲ್ ಮೇಲೆ ಕೂರುತ್ತದೆ. ಗೋಡೆಗೆ ತಗುಲಿಸುವ ಸಾಮಾನ್ಯ ಸ್ಪ್ಲಿಟ್ ಎಸಿಗಳನ್ನು ಸಾಲಾಗಿ ಹಾಕಿದ ಜಿಮ್‌ಗಳಲ್ಲಿ ಫಿಲ್ಟರನ್ನು ಪ್ರತಿವಾರ ತೊಳೆಯದಿದ್ದರೆ ತಂಪು ಅರ್ಧಕ್ಕೆ ಇಳಿಯುತ್ತದೆ. ಎದುರುಬದುರು ಎರಡು ಗೋಡೆಗಳಲ್ಲಿ ಹೊರಗಾಳಿಗೆ ತೆರೆಯುವ ಜಾಗ ಇರುವ ಶೆಡ್ ಬೇಕು: ಒಂದು ಕಡೆಯಿಂದ ಎಕ್ಸಾಸ್ಟ್ ಎಳೆಯಬೇಕು, ಇನ್ನೊಂದು ಕಡೆಯಿಂದ ಹೊಸ ಗಾಳಿ ಬರಬೇಕು. ಮೂರು ಬದಿಯೂ ಪಕ್ಕದ ಕಟ್ಟಡಕ್ಕೆ ಅಂಟಿಕೊಂಡ ಶೆಡ್ಡಿನಲ್ಲಿ ಇದು ಆಗದ ಮಾತು. ಕಿಟಕಿಯಾಚೆ ಟೀ ಅಂಗಡಿಯೋ ಮನೆಯ ಅಂಗಳವೋ ಇದ್ದರೆ ಬಿಳಿ ಧೂಳಿನ ಜಗಳ ಖಂಡಿತ.

ಎಸಿ, ಫ್ಯಾನು, ದೀಪ ಸೇರಿಸಿದರೆ 6,000 ಚದರಡಿಗೆ 50ರಿಂದ 60 ಕಿಲೋವಾಟ್ ಬೇಡುತ್ತದೆ. ಕಟ್ಟಡದ ಬೆಸ್ಕಾಂ ಬಿಲ್ ಕೇಳಿ ಪಡೆಯಿರಿ. ಮಂಜೂರಾದ ಲೋಡ್ ಎಷ್ಟೆಂದು ಅದರಲ್ಲೇ ಇರುತ್ತದೆ. ಗೋಡೌನಿಗೆ 5 ಕಿಲೋವಾಟ್ ಇರುವುದು ಸಾಮಾನ್ಯ. ಲೋಡ್ ಏರಿಸಲು ಪಕ್ಕದ ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗವಿಲ್ಲ ಎಂದಾದರೆ ಹೊಸದು ಕೂರಿಸಬೇಕು. ಅದಕ್ಕೆ ಹಣವೂ ತಿಂಗಳುಗಳೂ ಹೋಗುತ್ತವೆ, ಬಾಡಿಗೆ ಮಾತ್ರ ನಡೆಯುತ್ತಿರುತ್ತದೆ.

ಸಂಜೆ ಆರೂವರೆಯ ನಕ್ಷೆ

ಕಟ್ಟಡ ಪಾಸಾಯಿತು. ಈಗ ರಸ್ತೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಒಳ್ಳೆಯ ಕಟ್ಟಡ ಸಿಕ್ಕಿದ ಸಂತೋಷದಲ್ಲಿ ಜನ ಇದನ್ನು ಹಾರಿಸಿಬಿಡುತ್ತಾರೆ.

ಕ್ಲೈಂಬಿಂಗ್ ಹಿಡಿಸಿದವರು ವಾರಕ್ಕೆ ಎರಡು ಮೂರು ಸಲ ಬರುತ್ತಾರೆ, ಒಮ್ಮೆ ಬಂದರೆ ಎರಡು ಗಂಟೆ ಇರುತ್ತಾರೆ. ವಾರದ ದಿನಗಳಲ್ಲಿ ಜಿಮ್ ತುಂಬುವುದು ಸಂಜೆ ಆರೂವರೆಯಿಂದ ಒಂಬತ್ತೂವರೆಯವರೆಗೆ. ಅಂಥವರು ದಾರಿಯಲ್ಲಿ ಇಪ್ಪತ್ತೈದು ನಿಮಿಷದವರೆಗೆ ಸಹಿಸುತ್ತಾರೆ. ನಲವತ್ತಾದರೆ ವಾರಕ್ಕೆ ಮೂರು ಸಲ ಬರುತ್ತಿದ್ದವರು ಒಂದಕ್ಕೆ ಇಳಿಯುತ್ತಾರೆ, ಆಮೇಲೆ ಸದಸ್ಯತ್ವ ನವೀಕರಿಸುವುದಿಲ್ಲ. ಜಿಮ್ ಚೆನ್ನಾಗಿಲ್ಲ ಎಂದು ಅವರು ಹೇಳಿರುವುದಿಲ್ಲ, ಹಾಗಾಗಿ ಕಾರಣ ನಿಮಗೆ ತಿಳಿಯುವುದೂ ಇಲ್ಲ.

ಬೆಂಗಳೂರಿನಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಅರ್ಥವಿಲ್ಲ. ಮಂಗಳವಾರ ಮತ್ತು ಗುರುವಾರ ಸಂಜೆ ಆರೂವರೆಗೆ ನೀವು ನೋಡಿದ ಜಾಗದಿಂದ ನಾಲ್ಕೂ ದಿಕ್ಕಿಗೆ ಹೊರಟು, 15 ನಿಮಿಷಕ್ಕೆ ಎಲ್ಲಿ ಮುಟ್ಟುತ್ತೀರಿ, 25ಕ್ಕೆ ಎಲ್ಲಿ ಮುಟ್ಟುತ್ತೀರಿ ಎಂದು ನಕ್ಷೆಯ ಮೇಲೆ ಗುರುತು ಹಾಕಿ. ಆಮೇಲೆ ಅದನ್ನೇ ಹೊರಗಿನಿಂದ ಒಳಕ್ಕೆ ಬಂದು ಅಳೆಯಿರಿ. ಎರಡೂ ಒಂದೇ ಅಲ್ಲ. ಸೋಮವಾರ, ಶುಕ್ರವಾರ ಮನೆಯಿಂದ ಕೆಲಸ ಮಾಡುವವರು ಹೆಚ್ಚಾದ್ದರಿಂದ ಆ ದಿನಗಳ ಅಳತೆ ಮೋಸ ಮಾಡುತ್ತದೆ. ಮಳೆ ಬಂದ ಒಂದು ಸಂಜೆಯೂ ಸೇರಲಿ. ಗುರುತುಗಳನ್ನು ಗೆರೆಯಿಂದ ಕೂಡಿಸಿದರೆ ಬರುವ ಆಕಾರ ದುಂಡಗಿರುವುದಿಲ್ಲ. ಒಂದು ಕಡೆ ಎಂಟು ಕಿಲೋಮೀಟರ್ ಚಾಚಿ, ಇನ್ನೊಂದು ಕಡೆ ಎರಡಕ್ಕೇ ನಿಂತಿರುತ್ತದೆ. ನಿಮ್ಮ ಮಾರುಕಟ್ಟೆ ಎಂದರೆ ಆ ಸೊಟ್ಟ ಆಕಾರದ ಒಳಗಿರುವ ಜನ, ಇಡೀ ಬೆಂಗಳೂರಲ್ಲ.

ಆ ಆಕಾರದ ಒಳಗೆ ಎಣಿಸಬೇಕಾದ್ದು ಇಷ್ಟು: ದೊಡ್ಡ ಅಪಾರ್ಟ್‌ಮೆಂಟ್‌ಗಳ ಮನೆಗಳು, ಪಿಜಿಗಳ ಸಾಲು, ಟೆಕ್ ಪಾರ್ಕ್‌ಗಳು, ಕಾಲೇಜುಗಳು, ಶಾಲೆಗಳು. ಶಾಲೆ ಯಾಕೆಂದರೆ ಸಂಜೆ ನಾಲ್ಕರಿಂದ ಆರರ ಖಾಲಿ ಹೊತ್ತನ್ನು ತುಂಬುವುದು ಮಕ್ಕಳ ಬ್ಯಾಚು. ಅವರನ್ನು ಕರೆತರುವ ಅಪ್ಪ ಅಮ್ಮಂದಿರು ಹದಿನೈದು ನಿಮಿಷಕ್ಕಿಂತ ಹೆಚ್ಚು ಗಾಡಿ ಓಡಿಸುವುದಿಲ್ಲ. ಹಾಗಾಗಿ ಒಳಗಿನ ಸಣ್ಣ ಆಕಾರ ಮಕ್ಕಳದ್ದು, ಹೊರಗಿನ ದೊಡ್ಡದು ಆಫೀಸಿನವರದ್ದು.

ರಸ್ತೆಯ ಯಾವ ಬದಿ ಎಂಬುದೂ ಮುಖ್ಯ. ಹೊರವರ್ತುಲ ರಸ್ತೆಯಂಥ ಕಡೆ, ಆಫೀಸಿನಿಂದ ಮನೆಗೆ ಹೋಗುವ ದಿಕ್ಕಿನ ಎಡಬದಿಗೆ ಜಾಗವಿದ್ದರೆ ತಿರುಗಿ ಒಳಬರುವುದು ಸಲೀಸು. ಎದುರುಬದಿಯಲ್ಲಿದ್ದರೆ ಮುಂದಿನ ಯು-ಟರ್ನ್‌ವರೆಗೆ ಹೋಗಿ ವಾಪಸು ಬರಬೇಕು, ಸಂಜೆ ಅದೊಂದಕ್ಕೇ ಹನ್ನೆರಡು ನಿಮಿಷ ಹೋಗಬಹುದು. ನಕ್ಷೆಯಲ್ಲಿ ನೂರು ಮೀಟರ್ ಅಂತರದ ಎರಡು ಕಟ್ಟಡಗಳು ವ್ಯಾಪಾರದ ದೃಷ್ಟಿಯಿಂದ ಎರಡು ಬೇರೆ ಬಡಾವಣೆಗಳು.

ಮೆಟ್ರೊ ಈ ಲೆಕ್ಕವನ್ನು ಬದಲಿಸಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಓಡಲು ಶುರುವಾಯಿತು. ಅದಕ್ಕೂ ಮುನ್ನ ಹೊಸೂರು ರಸ್ತೆಯ ಶೆಡ್ ಎಂದರೆ ಸಿಲ್ಕ್ ಬೋರ್ಡ್ ದಾಟುವ ಭಯ. ಈಗ ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ ನಿಲ್ದಾಣಗಳಿಂದ ನಡೆದು ಹತ್ತು ನಿಮಿಷ, ಅಂದರೆ 700 ಮೀಟರ್ ಒಳಗೆ ಇರುವ ಗಾರ್ಮೆಂಟ್ಸ್ ಶೆಡ್ಡುಗಳನ್ನು ಗಂಭೀರವಾಗಿ ನೋಡಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದ ಮನೆಗೆ ಹೋಗುವವರ ದಾರಿಯಲ್ಲೇ ಅವು ಬೀಳುತ್ತವೆ. ಹಸಿರು ಮಾರ್ಗದ ಕನಕಪುರ ರಸ್ತೆಯ ಭಾಗಕ್ಕೆ ಇನ್ನೊಂದು ಗುಣವಿದೆ: ತುರಹಳ್ಳಿ ಹತ್ತಿರ. ವಾರಾಂತ್ಯದ ಬೆಳಿಗ್ಗೆ ಬಂಡೆಗೆ ಹೋಗುವವರು ಆ ಸುತ್ತಿನಲ್ಲೇ ಇದ್ದಾರೆ. ಅಲ್ಲಿ ಶೆಡ್ಡುಗಳು ಕಡಿಮೆ, ಕಲ್ಯಾಣ ಮಂಟಪಗಳು ಹೆಚ್ಚು. ಪೀಣ್ಯದಲ್ಲಿ ಕ್ರೇನ್ ಎತ್ತರದ ಶೆಡ್ಡುಗಳಿಗೆ ಕೊರತೆಯಿಲ್ಲ, ಮೆಟ್ರೊ ಪಕ್ಕದಲ್ಲೇ ಇದೆ, ಬಾಡಿಗೆಯೂ ಹಗುರ. ಆದರೆ ಸಂಜೆಯಾದರೆ ಒಳರಸ್ತೆಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ರಾತ್ರಿ ಒಂಬತ್ತೂವರೆಗೆ ಒಬ್ಬಳೇ ಹುಡುಗಿ ನಿಲ್ದಾಣದವರೆಗೆ ನಡೆದು ಹೋಗುವ ದಾರಿ ಹೇಗಿದೆ ಎಂದು ಕೇಳಿಕೊಂಡರೆ ಅಲ್ಲಿನ ಹಲವು ಜಾಗಗಳು ತಾವಾಗಿಯೇ ಬಿದ್ದುಹೋಗುತ್ತವೆ. ಈ ಪ್ರಶ್ನೆಯನ್ನು ಪ್ರತಿ ಜಾಗಕ್ಕೂ ಕೇಳಿ. ಕೊನೆಯ ಇನ್ನೂರು ಮೀಟರಿನ ಬೀದಿದೀಪಗಳನ್ನು ರಾತ್ರಿ ಹೋಗಿ ನೋಡಿ. ಹೆಂಗಸರು ನಿಶ್ಚಿಂತೆಯಿಂದ ಬಂದುಹೋಗಲಾಗದ ಜಾಗಕ್ಕೆ ಅರ್ಧ ಮಾರುಕಟ್ಟೆ ಇಲ್ಲ.

ಪಾರ್ಕಿಂಗ್ ಬಗ್ಗೆ ಎರಡು ಮಾತು ಸಾಕು. ವಾರದ ದಿನ ಬೈಕು, ಸ್ಕೂಟರ್ ಹೆಚ್ಚು. ಭಾನುವಾರ ಕಾರು ಹೆಚ್ಚು. ಕಾರಿಗೆ ಎರಡೂವರೆ ಮೀಟರಿಗೆ ಐದು ಮೀಟರ್, ಬೈಕಿಗೆ ಒಂದಕ್ಕೆ ಎರಡೂವರೆ ಎಂದು ಅಳೆದು, 40 ಬೈಕು 8 ಕಾರು ನಿಲ್ಲುತ್ತವೆಯೇ ನೋಡಿ. ಇಲ್ಲದಿದ್ದರೆ ಅವು ಪಕ್ಕದ ಮನೆಗಳ ಗೇಟಿನ ಮುಂದೆ ನಿಲ್ಲುತ್ತವೆ.

ಬಾಡಿಗೆಯ ಲೆಕ್ಕ

ಕಾಲ್ಪನಿಕ ಸಂಖ್ಯೆಗಳನ್ನೇ ಇಟ್ಟು ಲೆಕ್ಕ ಮಾಡೋಣ. ನಿಮ್ಮ ಜಾಗದ ಸಂಖ್ಯೆಗಳನ್ನು ಆಮೇಲೆ ತುಂಬಿಕೊಳ್ಳಿ. 6,000 ಚದರಡಿ ಎಂದರೆ 557 ಚದರ ಮೀಟರ್. ಇದರಲ್ಲಿ ಮ್ಯಾಟಿಗೆ 240 ಹೋದರೆ ಸುಮಾರು 50 ಮೀಟರ್ ಉದ್ದದ ಗೋಡೆ ನಿಲ್ಲುತ್ತದೆ. ಎರಡೂವರೆ ಮೀಟರಿಗೊಬ್ಬರಂತೆ ಒಮ್ಮೆಗೆ 20 ಜನ ಹತ್ತಬಹುದು. ಹತ್ತುವ ಒಬ್ಬರಿಗೆ ಇಬ್ಬರು ವಿಶ್ರಾಂತಿಯಲ್ಲಿರುತ್ತಾರೆ. ಹಾಗಾಗಿ 60 ಜನಕ್ಕೆ ಜಿಮ್ ತುಂಬಿತು ಎನ್ನಿ.

ಬಾಡಿಗೆ ಚದರಡಿಗೆ 60 ರೂಪಾಯಿ ಇಟ್ಟುಕೊಳ್ಳೋಣ. ತಿಂಗಳಿಗೆ 3,60,000. ಅದರ ಮೇಲೆ ಶೇ 18 ಜಿಎಸ್‌ಟಿ 64,800. ಈ ತೆರಿಗೆಯನ್ನು ಖರ್ಚೆಂದೇ ಹಿಡಿಯಿರಿ: 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಗಳಿಗೆ ಶೇ 5ರ ದರ ಬಂದಿದೆ, ಆ ದರದಲ್ಲಿ ಇನ್‌ಪುಟ್ ಕ್ರೆಡಿಟ್, ಅಂದರೆ ನೀವು ಕಟ್ಟಿದ ಜಿಎಸ್‌ಟಿಯನ್ನು ಕಳೆದುಕೊಳ್ಳುವ ಸೌಲಭ್ಯ, ಸಿಗುವುದಿಲ್ಲ. ನಿಮ್ಮ ಸೇವೆ ಯಾವ ವರ್ಗಕ್ಕೆ ಸೇರುತ್ತದೆಂದು ಲೆಕ್ಕಪರಿಶೋಧಕರಿಂದ ಬರೆಸಿಕೊಳ್ಳಿ. ಒಟ್ಟು 4,24,800. ಬಾಡಿಗೆಯ ಖರ್ಚು ಜಿಮ್‌ನ ಆದಾಯದ ಕಾಲುಭಾಗ ಮೀರಬಾರದು ಎಂಬುದು ನಮ್ಮ ಗೆರೆ. ಅಂದರೆ ತಿಂಗಳಿಗೆ 17 ಲಕ್ಷ ಬರಬೇಕು. ಅರ್ಧ ಸದಸ್ಯರಿಂದ ಎಂದರೆ 4,000 ರೂಪಾಯಿಯಂತೆ 212 ಸದಸ್ಯರು. ಇನ್ನರ್ಧ ದಿನದ ಪಾಸಿನಿಂದ ಎಂದರೆ 600 ರೂಪಾಯಿಯಂತೆ ದಿನಕ್ಕೆ 47 ಜನ. ಸದಸ್ಯರು ತಿಂಗಳಿಗೆ ಎಂಟು ಸಲ ಬಂದರೆ ದಿನಕ್ಕೆ ಒಟ್ಟು ನೂರಕ್ಕೂ ಸ್ವಲ್ಪ ಮೇಲೆ. ಅದರಲ್ಲಿ ಅರವತ್ತು ಜನ ಸಂಜೆಯ ಮೂರು ಗಂಟೆಗೆ ಬಂದು ತಲಾ ಎರಡು ಗಂಟೆ ಇದ್ದರೂ ಒಮ್ಮೆಗೆ ನಲವತ್ತರ ಆಸುಪಾಸು. ಅರವತ್ತರ ಮಿತಿಯೊಳಗೇ ಇದೆ, ಶನಿವಾರಕ್ಕೆ ಅವಕಾಶ ಉಳಿದಿದೆ. ಜಾಗ ಹೊಂದುತ್ತದೆ.

ಈಗ ಹದಿನೈದು ನಿಮಿಷ ದೂರದಲ್ಲಿ ಅಷ್ಟೇ ದೊಡ್ಡ ಶೆಡ್ 35 ರೂಪಾಯಿಗೆ ಸಿಕ್ಕಿತು ಅನ್ನಿ. ಜಿಎಸ್‌ಟಿ ಸೇರಿ ತಿಂಗಳಿಗೆ 1,77,000 ಉಳಿತಾಯ, ಮನಸ್ಸು ಅತ್ತ ಜಗ್ಗುತ್ತದೆ. ಆ ಹಣ 44 ಸದಸ್ಯರ ಶುಲ್ಕ. ಹದಿನೈದು ನಿಮಿಷ ಹೆಚ್ಚಾದಾಗ ನಿಮ್ಮ ಸೊಟ್ಟ ಆಕಾರದಿಂದ ಹೊರಬೀಳುವವರು 44 ಸದಸ್ಯರಿಗಿಂತ ಹೆಚ್ಚೋ ಕಡಿಮೆಯೋ? ಎರಡು ಜಾಗಗಳನ್ನು ಹೋಲಿಸಲು ಕೇಳಬೇಕಾದ ಪ್ರಶ್ನೆ ಇದು. ಬಹುತೇಕ ಸಂದರ್ಭಗಳಲ್ಲಿ ಹೆಚ್ಚು ಎಂಬ ಉತ್ತರವೇ ಬರುತ್ತದೆ.

ಕಾಗದ ಪತ್ರ

ಕಟ್ಟಡವೂ ರಸ್ತೆಯೂ ಲೆಕ್ಕವೂ ಕೂಡಿಬಂದ ಮೇಲೆ ವಕೀಲರ ಬಳಿ ಹೋಗಿ, ಟೋಕನ್ ಹಣ ಕೊಡುವ ಮುನ್ನ. ಎ-ಖಾತಾ (ಪಾಲಿಕೆಯ ಸಕ್ರಮ ಆಸ್ತಿ ದಾಖಲೆ) ಇದೆಯೇ, ಋಣಭಾರ ಪತ್ರದಲ್ಲಿ ಬ್ಯಾಂಕಿನ ಅಡಮಾನ ಇದೆಯೇ, ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರೆಯೇ, ಸ್ವಾಧೀನಾನುಭವ ಪತ್ರ ಸಿಕ್ಕಿದೆಯೇ? ಉದ್ದಿಮೆ ಪರವಾನಗಿ ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿಯ ಐದು ನಗರ ಪಾಲಿಕೆಗಳಲ್ಲಿ ಆ ಜಾಗ ಯಾವುದಕ್ಕೆ ಸೇರುತ್ತದೋ ಅಲ್ಲಿ ಆಗಬೇಕು. ವಸತಿ ವಲಯದ ಒಳರಸ್ತೆಯಾದರೆ ಪರವಾನಗಿ ಕಷ್ಟ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹಂಚಿದ ಕೈಗಾರಿಕಾ ನಿವೇಶನವಾದರೆ ಕ್ರೀಡಾ ಬಳಕೆಗೆ, ಒಳಬಾಡಿಗೆಗೆ ಮಂಡಳಿಯ ಒಪ್ಪಿಗೆ ಇದೆಯೇ ಎಂದು ಲಿಖಿತವಾಗಿ ನೋಡಬೇಕು. ಮಾಲೀಕರ "ಏನೂ ತೊಂದರೆಯಿಲ್ಲ" ಎಂಬ ಮಾತು ಸಾಲದು.

ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ಮಳೆನೀರು ಹರಿಯುವ ರಾಜಕಾಲುವೆ ಎಲ್ಲಿ ಹರಿದಿದೆ ಎಂದು ನೋಡಿ. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ, ಬೆಳ್ಳಂದೂರು ಸುತ್ತಿನಲ್ಲಿ ಏನಾಯಿತೆಂದು ಎಲ್ಲರಿಗೂ ನೆನಪಿದೆ. ಅಂಗಡಿಗೆ ನೀರು ನುಗ್ಗಿದರೆ ಒರೆಸಿ ತೆರೆಯಬಹುದು. ಫೋಮ್ ಮ್ಯಾಟ್ ಒಮ್ಮೆ ಕೊಳಚೆ ನೀರು ಕುಡಿದರೆ ಎಸೆಯಬೇಕು, ಮತ್ತು ಜಿಮ್‌ನ ದುಬಾರಿ ಸಾಮಾನುಗಳಲ್ಲಿ ಅದೂ ಒಂದು. ಅಕ್ಕಪಕ್ಕದ ಗೋಡೆಗಳ ಮೇಲೆ ಹಳೆಯ ನೀರಿನ ಗೆರೆ ಇದೆಯೇ ಎಂದು ಕಣ್ಣಾಡಿಸಿ, ಎದುರಿನ ಅಂಗಡಿಯವರನ್ನು ಕೇಳಿ.

ಕರಾರಿನಲ್ಲಿ ಹನ್ನೊಂದು ತಿಂಗಳ ಚೀಟಿ ಬೇಡ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಮುದ್ರಾಂಕ ಶುಲ್ಕ ಉಳಿಸಲು ಹನ್ನೊಂದು ತಿಂಗಳಿಗೆ ಬರೆದುಕೊಂಡರೆ ಲಕ್ಷಾಂತರ ರೂಪಾಯಿಯ ಗೋಡೆ ಬೇರೆಯವರ ಮರ್ಜಿಯ ಮೇಲೆ ನಿಂತಂತೆ. ಒಂಬತ್ತು ವರ್ಷದ ಗುತ್ತಿಗೆ, ಬಾಡಿಗೆದಾರರಿಗೆ ಎರಡು ಮೂರು ವರ್ಷದ ಲಾಕ್-ಇನ್ (ನಡುವೆ ಕರಾರು ಮುರಿಯುವಂತಿಲ್ಲದ ಅವಧಿ), ಮಾಲೀಕರಿಗೆ ಪೂರ್ತಿ ಅವಧಿಯದ್ದು ಎಂದು ಕೇಳಿ. ಗೋಡೆ ಕಟ್ಟಲು ನಾಲ್ಕರಿಂದ ಆರು ತಿಂಗಳು ಬೇಕು, ಮಾಲೀಕರು ಬಾಡಿಗೆಯಿಲ್ಲದೆ ಕೊಡುವುದು ಒಂದೋ ಎರಡೋ ತಿಂಗಳು. ಉಳಿದ ತಿಂಗಳ ಬಾಡಿಗೆಯನ್ನೂ ಅಡ್ವಾನ್ಸನ್ನೂ ಬಂಡವಾಳಕ್ಕೆ ಸೇರಿಸಿ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ನಮ್ಮ ಲೆಕ್ಕದ ಶೆಡ್ಡಿಗೇ 36 ಲಕ್ಷ ಕಟ್ಟಿಹೋಗುತ್ತದೆ. ಆರಕ್ಕೆ ಇಳಿಸಲು ಗಟ್ಟಿಯಾಗಿ ಮಾತಾಡಿ. ಗೋಡೆ, ಉಕ್ಕಿನ ಚೌಕಟ್ಟು, ಮ್ಯಾಟ್, ಎಸಿ ನಿಮ್ಮ ಸ್ವತ್ತು, ಬಿಡುವಾಗ ಬಿಚ್ಚಿಕೊಂಡು ಹೋಗಬಹುದು ಎಂಬ ಸಾಲು ಬಿಟ್ಟುಹೋಗದಿರಲಿ.

ಸಭೆಯಿಂದ ಬಂದ ಎರಡು ಪ್ರಶ್ನೆಗಳು

ಮಂಗಳೂರು, ಮೈಸೂರಿಗೂ ಇದೇ ಲೆಕ್ಕವೇ ಎಂದು ಕೇಳಿದ್ದಾರೆ. ಮೈಸೂರಿನಲ್ಲಿ ಇಪ್ಪತ್ತೈದು ನಿಮಿಷಕ್ಕೆ ಹೆಚ್ಚುಕಡಿಮೆ ಇಡೀ ಊರು ಸಿಗುತ್ತದೆ. ಅಲ್ಲಿ ರಸ್ತೆಯ ಚಿಂತೆ ಬಿಟ್ಟು ಜನರ ಸಂಖ್ಯೆಯನ್ನು ನೋಡಿ, 6,000ಕ್ಕೆ ಬದಲು 3,000 ಚದರಡಿಯಿಂದ ಶುರುಮಾಡಿ, ಪಕ್ಕಕ್ಕೆ ಬೆಳೆಯಲು ಜಾಗವಿರುವ ಶೆಡ್ ಹಿಡಿಯಿರಿ. ಮಂಗಳೂರಿನ ಸಮಸ್ಯೆ ತೇವ. ಅಲ್ಲಿ ತೆರೆದ ಶೆಡ್ಡಿನಲ್ಲಿ ಹೊರಗಾಳಿ ಆಡಿಸಿ ಪ್ರಯೋಜನವಿಲ್ಲ, ಒಳಬರುವ ಗಾಳಿಯೇ ಒದ್ದೆ. ಪೂರ್ತಿ ಮುಚ್ಚಿ ತೇವ ತೆಗೆಯುವ ಯಂತ್ರ ಓಡಿಸಬೇಕು. ಹಾಗಾಗಿ ಎತ್ತರಕ್ಕಿಂತ ಚೆನ್ನಾಗಿ ಮುಚ್ಚಿಕೊಳ್ಳುವ ಕಟ್ಟಡ ಮುಖ್ಯ, 16 ಅಡಿಗಿಂತ ಹೆಚ್ಚಿನ ಪ್ರತಿ ಅಡಿಯೂ ಕರೆಂಟ್ ಬಿಲ್‌ಗೆ ಸೇರುತ್ತದೆ. ಬೋಲ್ಟು, ಉಕ್ಕಿನ ಚೌಕಟ್ಟಿಗೆ ತುಕ್ಕು ಬೇಗ ಹಿಡಿಯುವುದರಿಂದ ಗ್ಯಾಲ್ವನೈಸ್ ಮಾಡಿದ ಉಕ್ಕನ್ನೇ ಹಾಕಿ.

ಪಕ್ಕದಲ್ಲಿ ಈಗಾಗಲೇ ಒಂದು ಕ್ಲೈಂಬಿಂಗ್ ಜಿಮ್ ಇದ್ದರೆ ಎಂಬುದು ಇನ್ನೊಂದು ಪ್ರಶ್ನೆ. ಅವರ ಜಾಗದಿಂದಲೂ ಅದೇ ಆರೂವರೆಯ ಆಕಾರ ಬರೆದು ನಿಮ್ಮದರ ಮೇಲೆ ಇಟ್ಟು ನೋಡಿ. ಅರ್ಧಕ್ಕಿಂತ ಹೆಚ್ಚು ಒಂದರ ಮೇಲೊಂದು ಬಿದ್ದರೆ, ಅವರಲ್ಲಿ ಇಲ್ಲದ್ದೇನಾದರೂ ನಿಮ್ಮ ಕಟ್ಟಡ ಕೊಡುತ್ತದೆಯೇ ನೋಡಿ: ಹಗ್ಗದ ಎತ್ತರವೋ ಮಕ್ಕಳಿಗೆ ಬೇರೆಯದೇ ಜಾಗವೋ ಆಗಬಹುದು. ಏನೂ ಇಲ್ಲವಾದರೆ ಊರಿನ ಇನ್ನೊಂದು ಮೂಲೆಗೆ ಹೋಗಿ. ಕಾಲುಭಾಗ ಮಾತ್ರ ಬಿದ್ದರೆ ಚಿಂತೆಯಿಲ್ಲ. ಕ್ಲೈಂಬರ್‌ಗಳು ಬೇರೆ ಗೋಡೆ, ಬೇರೆ ಸೆಟ್ಟಿಂಗ್ (ಹೋಲ್ಡ್‌ಗಳ ಜೋಡಣೆ) ಹುಡುಕಿಕೊಂಡು ವಾರಾಂತ್ಯದಲ್ಲಿ ಎರಡೂ ಕಡೆ ಬರುತ್ತಾರೆ.